ಎರಡು ಪದರ ಉಣ್ಣೆಬಟ್ಟೆ

ಫೋನ್ ಬಂದಾಗ ಹೊಲಿಗೆಯಜ್ಜಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ನಡುಮನೆಯಲ್ಲಿ ಸೊಸೆ "ಹೌದು… ಹೌದು… ಯಾರು, ನಾನಾ?" ಎಂದಳು. ಆಮೇಲೆ ಆ ಮನೆ ಎಂದೂ ಕೇಳದಂಥ ಒಂದು ಕಿರುಚಾಟ! ಯಾರೋ ಹೋಗಿಬಿಟ್ಟರು ಅಂದುಕೊಂಡ ಅಜ್ಜಿ ಚಾಕು ಹಿಡಿದುಕೊಂಡೇ ಓಡಿಬಂದಳು.

"ಏನಾಯ್ತೇ? ಯಾರು ಹೋದ್ರು?"

"ಯಾರೂ ಹೋಗಿಲ್ಲ ಅತ್ತೆ! ನನ್ನನ್ನ ಕರೆದಿದ್ದಾರೆ! ನಮ್ಮೂರಿನ ದೊಡ್ಡ ಆರ್ಕೆಸ್ಟ್ರಾ ಜೊತೆ ಪಿಯಾನೊ ನುಡಿಸ್ಬೇಕಂತೆ. ಮುಂದಿನ ತಿಂಗಳು! ದೊಡ್ಡ ಸಭಾಂಗಣದಲ್ಲಿ!"

"ಅಯ್ಯೋ, ಜೀವ ಹೋಗಿ ಬಂತಲ್ಲೇ ನಂದು!" ಎಂದ ಅಜ್ಜಿ ಚಾಕುವನ್ನು ಪಿಯಾನೊ ಮೇಲಿಟ್ಟು ಸೊಸೆಯನ್ನು ತಬ್ಬಿಕೊಂಡಳು. ಮರುಕ್ಷಣ ಚಾಕು ಎತ್ತಿಕೊಂಡು ಪಿಯಾನೊವನ್ನು ಸೆರಗಿನಿಂದ ಒರೆಸಿದಳು. ಅದರ ಮೇಲೆ ಯಾರೂ ಏನೂ ಇಡಬಾರದೆಂಬುದು ಅವಳೇ ಮಾಡಿದ್ದ ಕಾನೂನು.

ಸೊಸೆ ವಿಶ್ವವಿದ್ಯಾಲಯದಲ್ಲಿ ಪಿಯಾನೊ ಕಲಿಸುವ ಮೇಡಂ. ವಯಸ್ಸು ಐವತ್ತರ ಹತ್ತಿರ. ಹುಡುಗಿಯಾಗಿದ್ದಾಗ ಸ್ಪರ್ಧೆಗಳಲ್ಲಿ ಗೆದ್ದವಳು, ಪೆಟ್ಟಿಗೆ ಹಿಡಿದು ಊರೂರು ಸುತ್ತಿ ಕಚೇರಿ ಕೊಟ್ಟವಳು. ಆಮೇಲೆ ಮದುವೆ, ಮಗು, ಕೆಲಸ. ಕಲಿಸುವುದು ಅವಳಿಗೆ ಇಷ್ಟವೇ. ಆದರೆ ಕಲಿಸುವುದರ ಜೊತೆಗೆ ಬರುವ ಪರೀಕ್ಷೆ, ಸಭೆ, ಸಮಿತಿ, ವರದಿಗಳು ಅವಳ ಕಚೇರಿಗಳನ್ನು ಒಂದೊಂದಾಗಿ ನುಂಗಿ ನೀರು ಕುಡಿದಿದ್ದವು. ಈಗ ಉಳಿದಿದ್ದದ್ದು ವರ್ಷಕ್ಕೊಮ್ಮೆ ವಿಭಾಗದ ಪುಟ್ಟ ಕೊಠಡಿಯಲ್ಲಿ ಅಧ್ಯಾಪಕರು ಅಧ್ಯಾಪಕರಿಗಾಗಿಯೇ ನುಡಿಸುವ ಒಂದು ಕಾರ್ಯಕ್ರಮ ಮಾತ್ರ. ಅಲ್ಲೂ ಅರ್ಧ ಜನ ಗಡಿಯಾರ ನೋಡುತ್ತ ಕೂತಿರುತ್ತಿದ್ದರು. ದೊಡ್ಡ ಸಭಾಂಗಣಗಳಲ್ಲಿ ನುಡಿಸುವ ಕಾಲ ಅವಳ ಶಿಷ್ಯರದ್ದಾಗಿತ್ತು. ಈ ಕಚೇರಿಯೂ ಮೊದಲು ನಿಗದಿಯಾಗಿದ್ದದ್ದು ಅವಳ ಶಿಷ್ಯನೊಬ್ಬನಿಗೇ. ಅವನು ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಆಸ್ಪತ್ರೆಯಿಂದಲೇ ಆರ್ಕೆಸ್ಟ್ರಾದವರಿಗೆ ಹೇಳಿದನಂತೆ: "ಈ ಕೃತೀನ ನಂಗೆ ಕಲಿಸಿದ್ದು ನಮ್ಮ ಮೇಡಂ. ಅವರನ್ನೇ ಕೇಳಿ."

ಊಟದ ಹೊತ್ತಿಗೆ ಸುದ್ದಿ ಎಲ್ಲರಿಗೂ ಗೊತ್ತಾಯಿತು. ಮಗ ಬೇಕರಿಯವನು. ಊರು ಏಳುವ ಮೊದಲೇ ಒಲೆ ಹೊತ್ತಿಸಿ, ಮಧ್ಯಾಹ್ನ ಬಂದು ಉಂಡು, ಸಂಜೆಯವರೆಗೆ ಗೊರಕೆ ಹೊಡೆಯುವ ಪ್ರಾಣಿ. ಅವನು ತಟ್ಟೆ ಬಿಟ್ಟೆದ್ದು ಹೆಂಡತಿಯ ಕೈ ಕುಲುಕಿದ. ಕೈಯಲ್ಲಿದ್ದ ಹಿಟ್ಟು ಅವಳ ತೋಳಿಗೆಲ್ಲ ಅಂಟಿತು.

"ನನ್ನ ಅಂಗಡೀಲಿ ಬೋರ್ಡ್ ಹಾಕ್ಸ್ತೀನಿ ನೋಡು, ಬಾಗಿಲಗಲ!"

"ರೀ, ಮೊದಲು ನುಡಿಸಿ ಮುಗಿಸ್ತೀನಿ. ಬೋರ್ಡ್ ಆಮೇಲೆ," ಎಂದಳು ಸೊಸೆ. ಆದರೆ ಅವಳ ಮುಖ ಬೋರ್ಡಿಗಿಂತ ಅಗಲವಾಗಿತ್ತು.

ಮೊಮ್ಮಗಳು ಚೂಟಿ, ಕಾಲೇಜಿನ ಕೊನೆಯ ಪರೀಕ್ಷೆಯ ಪುಸ್ತಕ ತಟ್ಟೆಯ ಪಕ್ಕದಲ್ಲಿಟ್ಟುಕೊಂಡೇ ಉಣ್ಣುವವಳು, ತಲೆಯೆತ್ತಿ ಕೇಳಿದಳು: "ಅಮ್ಮ, ಕೆಟ್ಟದಾಗಿ ನುಡಿಸಿದ್ರೆ ಏನಾಗುತ್ತೆ?"

"ಬಿಡ್ತು ಅನ್ನು!" ಎಂದಳು ಅಜ್ಜಿ.

"ಏನಾಗುತ್ತೆ ಅಂದ್ರೆ," ಸೊಸೆ ಬ್ರೆಡ್ಡು ಮುರಿಯುತ್ತ ಹೇಳಿದಳು, "ಕಲಿಸೋರಿಗೆ ನುಡಿಸಕ್ಕೆ ಬರಲ್ಲ ಅಂತ ನಮ್ಮ ವಿಭಾಗದಲ್ಲಿ ಪಿಸುಗುಡೋರೆಲ್ಲ ಇನ್ನು ಜೋರಾಗಿ ಹೇಳ್ತಾರೆ. ಇನ್ನೊಂದು ಸಲ ಯಾರೂ ಕರೆಯಲ್ಲ, ಚೂಟಿ. ನನ್ನ ವಯಸ್ಸಿನೋರಿಗೆ ಒಂದೇ ಸಲ."

ಅವತ್ತಿನಿಂದ ಅಜ್ಜಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತರಕಾರಿಯವನಿಗೆ ಹೇಳಿದಳು, ಲಿಫ್ಟಿನಲ್ಲಿ ಸಿಕ್ಕವರಿಗೆ ಹೇಳಿದಳು, ಔಷಧಿ ಅಂಗಡಿಯಲ್ಲಿ ಸರದಿ ನಿಂತವರಿಗೆಲ್ಲ ಹೇಳಿ ಕೊನೆಗೆ ಔಷಧಿ ಮರೆತು ಬಂದಳು. ಮನೆಯಲ್ಲಿ ಹೊಸ ದರ್ಬಾರು ಶುರುವಾಯಿತು. ಸೊಸೆ ಪಾತ್ರೆ ಮುಟ್ಟುವಂತಿಲ್ಲ. ಬಿಸಿನೀರಲ್ಲಿ ಬೆರಳು ಮೆತ್ತಗಾದರೆ? ತರಕಾರಿ ಹೆಚ್ಚುವಂತಿಲ್ಲ. ಕೊಯ್ದುಕೊಂಡರೆ? ಬಟ್ಟೆ ಹಿಂಡುವುದು ಮಗನ ಪಾಲಿಗೆ, ಪಾತ್ರೆ ಚೂಟಿಯ ಪಾಲಿಗೆ ಬಂತು.

"ಅಜ್ಜಿ, ನಂಗೆ ಪರೀಕ್ಷೆ!"

"ಪಾತ್ರೆ ತೊಳೀತಾ ಬಾಯಿಪಾಠ ಮಾಡು."

"ಅಮ್ಮ, ನಾನು ಬೆಳಗ್ಗೆಯಿಂದ ಒಲೆ ಮುಂದೆ ನಿಂತು ಬಂದಿದ್ದೀನಿ," ಎಂದ ಮಗ.

"ಹಾಗಾದ್ರೆ ಕೈ ಹೇಗೂ ಗಟ್ಟಿಯಾಗಿದೆ, ಹಿಂಡು."

ಸೊಸೆ ಪಾಠ ಮುಗಿಸಿ ಬಂದವಳೇ ಪಿಯಾನೊ ಮುಂದೆ ಕೂರುತ್ತಿದ್ದಳು. ಪರೀಕ್ಷೆಯ ಕಾಲವಾದ್ದರಿಂದ ವಿಶ್ವವಿದ್ಯಾಲಯದ ಪಿಯಾನೊಗಳೆಲ್ಲ ವಿದ್ಯಾರ್ಥಿಗಳ ವಶದಲ್ಲಿದ್ದವು. ಅವಳು ಅಲ್ಲಿ ಮುಟ್ಟುವುದು ನಾಲ್ಕು ಸಾಲು ತೋರಿಸಿಕೊಡುವಷ್ಟು ಮಾತ್ರ. ತನ್ನ ಅಭ್ಯಾಸವೆಲ್ಲ ಮನೆಯಲ್ಲೇ. ಮನೆಯ ಪಿಯಾನೊದಿಂದ ಹೊರಡುತ್ತಿದ್ದದ್ದು ಮಾತ್ರ ದೂರದ ಕೋಣೆಯಲ್ಲಿ ಯಾರೋ ದಿಂಬು ಬಡಿಯುವಂಥ ಸದ್ದು. ಗುದುಗುದು, ದಬದಬ.

ಅದಕ್ಕೆ ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಗೋಡೆಗೆ ಒರಗಿಸಿಡುವಂಥ ಪಿಯಾನೊಗಳ ಒಳಗೆ, ಸುತ್ತಿಗೆಗಳಿಗೂ ತಂತಿಗಳಿಗೂ ನಡುವೆ ಇಳಿಬಿಡಲು ಒಂದು ತೆಳ್ಳನೆಯ ಬಟ್ಟೆಯ ಪಟ್ಟಿ ಇರುತ್ತದೆ. ಅಕ್ಕಪಕ್ಕದವರಿಗೆ ತೊಂದರೆಯಾಗದೆ ಅಭ್ಯಾಸ ಮಾಡಿಕೊಳ್ಳಲಿ ಎಂದು. ಚೂಟಿ ತೊಟ್ಟಿಲಲ್ಲಿದ್ದಾಗ ಆ ತೆಳ್ಳನೆಯದು ಸಾಲಲಿಲ್ಲ. ಮಗು ಬೆಚ್ಚಿ ಏಳುತ್ತಿತ್ತು, ಮಧ್ಯಾಹ್ನ ಮಲಗಿದ ಮಗ ಗೊಣಗುತ್ತಿದ್ದ. ಊರಿಗೆಲ್ಲ ಕೋಟು ಹೊಲಿದುಕೊಟ್ಟ ಅಜ್ಜಿಗೆ ಅದೊಂದು ಕೆಲಸವೇ? ದಪ್ಪ ಕೋಟಿನ ಉಣ್ಣೆಬಟ್ಟೆಯನ್ನು ಎರಡು ಪದರ ಮಾಡಿ, ಆ ಪಟ್ಟಿಗೆ ಸೇರಿಸಿ ಹೊಲಿದು ಕೂರಿಸಿಬಿಟ್ಟಳು. ಮನೆ ಶಾಂತವಾಯಿತು. ಬಂದವರಿಗೆಲ್ಲ ಮುಚ್ಚಳ ತೆಗೆದು ತನ್ನ ಹೊಲಿಗೆ ತೋರಿಸುತ್ತಿದ್ದಳು. ಮಗು ಕಾಲೇಜಿಗೆ ಹೋಗುವಷ್ಟು ದೊಡ್ಡದಾದರೂ ಬಟ್ಟೆ ಅಲ್ಲೇ ಉಳಿಯಿತು.

ಆರ್ಕೆಸ್ಟ್ರಾ ಜೊತೆಗಿನ ಮೊದಲ ತಾಲೀಮಿನ ದಿನ ಅಜ್ಜಿ ಕೇಕು ತರಿಸಿಟ್ಟಿದ್ದಳು. ಸೊಸೆ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು.

"ಹೇಗಾಯ್ತೇ?"

"ಮಣ್ಣಾಯ್ತು."

"ಏನಾಯ್ತು ಅಂದೆ? ಜೋರಾಗಿ ಹೇಳು, ಈ ಮನೇಲಿ ಎಲ್ಲಾರೂ ಬಾಯೊಳಗೇ ಮಾತಾಡ್ತೀರ," ಎಂದಳು ಅಜ್ಜಿ. ಈಚೆಗೆ ಅವಳ ಕಿವಿ ಮಂದವಾಗುತ್ತಿತ್ತು. ಅದನ್ನು ಅವಳೊಬ್ಬಳು ಬಿಟ್ಟು ಎಲ್ಲರೂ ಒಪ್ಪಿಕೊಂಡಿದ್ದರು.

"ಮಣ್ಣಾಯ್ತು ಅಂದೆ ಅತ್ತೆ!" ಸೊಸೆಯ ಕಣ್ಣು ತುಂಬಿತು. "ಮೊದಲನೇ ಭಾಗ ಹೇಗೋ ದಾಟಿತು. ಎರಡನೇ ಭಾಗ ಶುರುವಾಗೋದು ಪಿಯಾನೊ ಒಂದರಿಂದಲೇ. ಆರ್ಕೆಸ್ಟ್ರಾ ಪೂರ್ತಿ ಸುಮ್ಮನಿರುತ್ತೆ. ಉಸಿರಷ್ಟು ಮೆಲ್ಲಗೆ ನುಡಿಸ್ಬೇಕು. ನನ್ನ ಕೈಗೆ ಆಗ್ಲೇ ಇಲ್ಲ! ಒತ್ತಿದ್ರೆ ಗುಡುಗು. ಹಗುರ ಮಾಡಿದ್ರೆ ಸದ್ದೇ ಹುಟ್ಟಲ್ಲ. ಆರ್ಕೆಸ್ಟ್ರಾ ನಡೆಸೋ ನಿರ್ದೇಶಕರು ಕೋಲು ಕೆಳಗಿಟ್ಟು, ಮೇಡಂ, ಕಲ್ಲು ಒಡೀತಾ ಇದ್ದೀರಲ್ಲ ಅಂದ್ರು. ಹಿಂದೆ ಪಿಟೀಲಿನೋರು ನಕ್ಕರು."

"ಯಾವನವನು ನಿರ್ದೇಶಕ! ನಾನು ಬಂದು ಮಾತಾಡ್ತೀನಿ."

"ಅವರದು ಸರಿ ಅತ್ತೆ. ಇಷ್ಟು ವರ್ಷ ನಾನು ಆ ಬಟ್ಟೆ ಮೇಲೆ ಬಡಿದು ಬಡಿದು ಬೆರಳಿಗೆ ಮೆಲ್ಲಗೆ ಅನ್ನೋದೇ ಮರೆತುಹೋಗಿದೆ."

ಕೇಕು ಕೊಯ್ಯುತ್ತಿದ್ದ ಅಜ್ಜಿಯ ಕೈ ನಿಂತಿತು. "ಯಾವ ಬಟ್ಟೆ?"

ಚೂಟಿ ಕಣ್ಣಲ್ಲೇ ಪಿಯಾನೊ ತೋರಿಸಿದಳು.

ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. "ಅಂದ್ರೆ ನಾನು ಹೊಲಿದ ಬಟ್ಟೇನಾ? ನಿನ್ನ ಮಗು ನಿದ್ದೆ ಮಾಡ್ಲಿ ಅಂತ, ನಿನ್ನ ಗಂಡ ನಿದ್ದೆ ಮಾಡ್ಲಿ ಅಂತ ಕಣ್ಣಲ್ಲಿ ಕಣ್ಣಿಟ್ಟು ಹೊಲಿದೆ. ಈಗ ನಾನೇ ನಿನ್ನ ಕೈ ಹಾಳು ಮಾಡಿದೋಳಾ?"

"ನಾನು ಹಾಗಂದೆನಾ?"

"ಇನ್ನು ಹೇಗನ್ನಬೇಕು?"

"ಅಮ್ಮ, ಸುಮ್ಮನಿರು," ಎಂದ ಮಗ. "ಆದ್ರೆ ನೋಡೇ, ಬಟ್ಟೆ ತೆಗೆದ್ರೆ ನಾನು ಮಲಗೋದೆಲ್ಲಿ? ನಿದ್ದೆಗೆಟ್ಟು ಒಲೆ ಮುಂದೆ ನಿಂತ್ರೆ ಕೈ ಸುಟ್ಕೋತೀನಿ."

"ನಾನು ಓದೋದೆಲ್ಲಿ?" ಚೂಟಿ ದನಿ ಸೇರಿಸಿದಳು. "ಎಲ್ಲಾ ಅಮ್ಮನ ಕಚೇರಿ ಅಮ್ಮನ ಕಚೇರಿ! ನನ್ನ ಪರೀಕ್ಷೆ ಏನು ಬಿಟ್ಟಿ ಬಿದ್ದಿದೆಯಾ?"

ಸೊಸೆ ಎದ್ದು ನಿಂತಳು. ಯಾವತ್ತೂ ದನಿ ಏರಿಸದ ಹೆಂಗಸು ಅವತ್ತು ಮೇಜಿಗೆ ಅಂಗೈ ಬಡಿದಳು. "ಯಾರದೂ ತಪ್ಪಲ್ಲ, ನಂದೇ! ಯಾವತ್ತು ಬೇಕಾದ್ರೂ ತೆಗೀಬಹುದಿತ್ತು. ಚೂಟಿ ಶಾಲೆಗೆ ಹೋದ ದಿನ ತೆಗೀಬಹುದಿತ್ತು. ಯಾಕೆ ತೆಗೀಲಿಲ್ಲ ಗೊತ್ತಾ? ಆ ಬಟ್ಟೆ ಇದ್ರೆ ನನ್ನ ತಪ್ಪು ಯಾರಿಗೂ ಕೇಳಿಸ್ತಿರ್ಲಿಲ್ಲ. ನನಗೂ ಕೇಳಿಸ್ತಿರ್ಲಿಲ್ಲ. ಹಾಯಾಗಿತ್ತು!"

ಹಾಗೆಂದವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ಕೇಕನ್ನು ಯಾರೂ ಮುಟ್ಟಲಿಲ್ಲ. ನಾಳೆ ಆರ್ಕೆಸ್ಟ್ರಾದವರಿಗೆ ಫೋನ್ ಮಾಡಿ ಆಗುವುದಿಲ್ಲ ಎನ್ನುತ್ತೇನೆಂದು ಸೊಸೆ ರಾತ್ರಿ ಗಂಡನಿಗೆ ಹೇಳಿದ್ದು ಗೋಡೆಯಾಚೆ ಅಜ್ಜಿಗೆ ಕೇಳಿಸಲಿಲ್ಲ. ಚೂಟಿ ಬಂದು ಹೇಳಿದಳು.

ಬೆಳಗ್ಗೆ ಸೊಸೆ ಕಾಫಿಗೆ ಎದ್ದು ಬರುವಷ್ಟರಲ್ಲಿ ಪಿಯಾನೊದ ಮೇಲಿನ ಮುಚ್ಚಳ ತೆಗೆದಿತ್ತು, ಮುಂದಿನ ಹಲಗೆ ಗೋಡೆಗೆ ಒರಗಿತ್ತು. ಅಜ್ಜಿ ಸ್ಟೂಲಿನ ಮೇಲೆ ನಿಂತು, ಮೂಗಿನ ತುದಿಗೆ ಕನ್ನಡಕ ಇಳಿಸಿ, ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಕಚಕಚ ಎಂದು ಹೊಲಿಗೆ ಬಿಚ್ಚುತ್ತಿದ್ದಳು. ಬಾಯಿಯೂ ಕತ್ತರಿಯ ಜೊತೆ ಓಡುತ್ತಿತ್ತು.

"ಎಂಥ ಗಟ್ಟಿ ಹೊಲಿಗೆ ಹಾಕಿದ್ದೀನಿ ನೋಡು! ಈಗಿನ ಟೈಲರುಗಳ ಕೈಲಿ ಆಗುತ್ತಾ? ಒಂದು ದಾರ ಜಗ್ಗಿಲ್ಲ."

"ಅತ್ತೆ, ಇಳೀರಿ, ಬೀಳ್ತೀರಿ."

"ಫೋನ್ ಮಾಡಿದ್ಯಾ?"

"ಇನ್ನೂ ಇಲ್ಲ."

"ಮಾಡ್ಬೇಡ. ಕೂತ್ಕೊ. ನುಡಿಸು."

ಬಟ್ಟೆ ಕೆಳಗೆ ಬಿತ್ತು. ಸೊಸೆ ನಿಂತಲ್ಲೇ ಬಗ್ಗಿ ಒಂದು ಸ್ವರಗುಚ್ಛ ಒತ್ತಿದಳು.

ಅಬ್ಬಾ! ಕಪಾಟಿನ ಲೋಟಗಳು ಝಲ್ಲೆಂದವು. ಅಜ್ಜಿ ಸ್ಟೂಲಿನ ಮೇಲೆಯೇ ಪಿಯಾನೊವನ್ನು ಅಪ್ಪಿಹಿಡಿದಳು. ಸದ್ದು ಅವಳ ಕೈಯಿಂದ ಎದೆಗೆ, ಎದೆಯಿಂದ ಹಲ್ಲಿನವರೆಗೆ ಏರಿಬಂತು. ಅವಳ ಮಂದ ಕಿವಿಯ ಬಾಗಿಲನ್ನೂ ಒದ್ದು ಒಳಗೆ ನುಗ್ಗಿತು. ಸೊಸೆಯ ಸಂಗೀತ ಅಂದರೆ ದಿಂಬು ಬಡಿಯುವುದು ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು.

"ಇದಾ?" ಎಂದಳು. "ನಮ್ಮನೇಲಿ ಇದ್ದದ್ದು ಇದಾ? ಇನ್ನೊಂದ್ಸಲ! ಇನ್ನೊಂದ್ಸಲ ಮಾಡೇ!"

ಸೊಸೆ ಕೂತು ಎರಡೂ ಕೈಯಿಂದ ಮೊದಲ ಭಾಗದ ಕೊನೆಯನ್ನು ನುಡಿಸಿದಳು. ಹಲ್ಲುಜ್ಜುತ್ತಿದ್ದ ಚೂಟಿ ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿಬಂದು ನಿಂತಳು. "ಅಮ್ಮ! ಇದು ನೀನಾ?" ಎಂದಳು, ನೊರೆಯೆಲ್ಲ ನೆಲಕ್ಕೆ ಬಿತ್ತು. ಯಾರೂ ಬೈಯಲಿಲ್ಲ.

ಆಗಲೇ ಕರೆಗಂಟೆ ಸದ್ದು ಮಾಡಿತು. ಕೆಳಗಿನ ಮನೆಯ ಕಣ್ಣಿನ ಡಾಕ್ಟರು ಮುಖ ಗಂಟಿಕ್ಕಿಕೊಂಡು ನಿಂತಿದ್ದರು. "ಏನಿದು? ಇದು ಮನೆಯೋ ಮೈದಾನವೋ?"

ಅಜ್ಜಿ ಬಾಗಿಲು ಅರ್ಧ ಮುಚ್ಚಿ ಹೊರಗೆ ಬಂದಳು. "ಡಾಕ್ಟ್ರೇ, ನಮ್ಮ ಸೊಸೆ ಆರ್ಕೆಸ್ಟ್ರಾ ಜೊತೆ ನುಡಿಸ್ತಾಳೆ. ಕಚೇರಿವರೆಗೆ ಹೀಗೇ."

"ಅಲ್ಲಮ್ಮ, ನಂಗೂ ವಿಶ್ರಾಂತಿ ಅಂತ ಒಂದು ಬೇಡ್ವಾ?"

"ನಿಮ್ಮ ಪ್ಯಾಂಟಿನ ಸೊಂಟ ಎಷ್ಟು ಸಲ ಸಡಿಲ ಮಾಡಿಕೊಟ್ಟಿದ್ದೀನಿ ಡಾಕ್ಟ್ರೇ? ಯಾರಿಗಾದ್ರೂ ಹೇಳಿದ್ದೀನಾ?"

ಡಾಕ್ಟರು ಮೆಟ್ಟಿಲ ಕಡೆ ನೋಡಿದರು, ಲಿಫ್ಟಿನ ಕಡೆ ನೋಡಿದರು. "ಮಧ್ಯಾಹ್ನ ಒಂದು ಗಂಟೆ ಬಿಡುವು ಕೊಟ್ರೆ ಸಾಕು," ಎಂದು ಇಳಿದುಹೋದರು.

ಮನೆಯೊಳಗಿನ ಒಪ್ಪಂದ ಅಷ್ಟು ಸುಲಭವಾಗಲಿಲ್ಲ. ಮಗ ಬೇಕರಿಯ ಉಗ್ರಾಣದಲ್ಲಿ ಹಿಟ್ಟಿನ ಮೂಟೆಗಳ ನಡುವೆ ಹಾಸಿಗೆ ಹಾಸಿಕೊಂಡ. ಸಂಜೆ ಮನೆಗೆ ಬಂದಾಗ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ ಅಜ್ಜಿಗಿಂತ ಮುದುಕನಾಗಿ ಕಾಣುತ್ತಿದ್ದ. ಎರಡು ದಿನ ಸಿಡುಕಿದ, ಮೂರನೆಯ ದಿನ ಸುಸ್ತಾಗಿ ಸುಮ್ಮನಾದ. ಚೂಟಿ ಗ್ರಂಥಾಲಯಕ್ಕೆ ಹೋಗಿ ಓದಿದಳು. ಪಾತ್ರೆ ಮತ್ತೆ ಅಜ್ಜಿಯ ಪಾಲಿಗೇ ಬಂತು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಆಲೂಗಡ್ಡೆ ಸೂಪು ಬಿಟ್ಟರೆ ಆ ವಾರಗಳಲ್ಲಿ ಬೇರೆ ಅಡುಗೆ ಕಂಡವರಿಲ್ಲ. ಆದರೂ ಮನೆಗೆ ಜ್ವರ ಬಂದ ಹಾಗೆ ಎಲ್ಲರ ಮೈ ಬಿಸಿಯಾಗಿತ್ತು. ಉಣ್ಣುವಾಗ ಮಗ ಚಮಚದಿಂದ ಮೊದಲ ಭಾಗದ ತಾಳ ಹಾಕುತ್ತಿದ್ದ, ಚೂಟಿ ಅದನ್ನು ತಿದ್ದುತ್ತಿದ್ದಳು.

ಜೋರಿನ ಭಾಗಗಳು ಬೇಗ ಹದಕ್ಕೆ ಬಂದವು. ಮೆಲ್ಲಗೆ ನುಡಿಸುವುದು ಬರಲಿಲ್ಲ. ಎರಡನೇ ಭಾಗದ ಮೊದಲ ಸಾಲನ್ನು ಸೊಸೆ ಬೆಳಗ್ಗೆ ಎದ್ದು ನುಡಿಸಿದಳು, ಪಾಠದಿಂದ ಬಂದು ನುಡಿಸಿದಳು. ಒಮ್ಮೆ ದಪ್ಪ, ಒಮ್ಮೆ ಮೂಕ.

"ಬರೀ ಮೆಲ್ಲಗಾದ್ರೆ ಸಾಲದು ಅತ್ತೆ. ಮೆಲ್ಲಗಿದ್ದೂ ಸಭಾಂಗಣದ ಕೊನೇ ಸಾಲಿನವರೆಗೆ ಹೋಗ್ಬೇಕು. ಅದೇ ಕಷ್ಟ."

"ಕೊನೇ ಸಾಲಲ್ಲಿ ನಾನು ಕೂರ್ತೀನಿ ಬಾ," ಎಂದು ಅಜ್ಜಿ ಮೊಣಕಾಲುದ್ದದ ಸ್ಟೂಲು ಎತ್ತಿಕೊಂಡು ಬಾಗಿಲಾಚೆಗೆ ಹೋದಳು. ಅಲ್ಲಿಂದ ಲಿಫ್ಟಿನ ಹತ್ತಿರಕ್ಕೆ. ಅಲ್ಲಿಂದ ಕೆಳಗಿನ ಮಹಡಿಗೆ. ಚೂಟಿ ಹೊಸ್ತಿಲಲ್ಲಿ ನಿಂತು ಅತ್ತ ಇತ್ತ ಸುದ್ದಿ ಮುಟ್ಟಿಸಿದಳು.

"ಅಜ್ಜಿ, ಕೇಳಿಸ್ತಾ?"

"ಕೇಳಿಸ್ತು! ಬೆಣ್ಣೆ ಹಾಗಿದೆ!"

"ಅಜ್ಜಿ, ಅಮ್ಮ ಇನ್ನೂ ನುಡಿಸೇ ಇಲ್ಲ!"

ಕೆಳಗಿನ ಮನೆಯ ಬಾಗಿಲಲ್ಲಿ ಡಾಕ್ಟರು ಫಕ್ಕನೆ ನಕ್ಕರು. ಅಜ್ಜಿ ಸ್ಟೂಲು ಎತ್ತಿಕೊಂಡು ಧುಮುಧುಮು ಮೇಲೆ ಬಂದಳು. "ಲಿಫ್ಟಿನ ಸದ್ದಿಗೆ ಹಾಗನ್ನಿಸ್ತು ಅಷ್ಟೆ."

ಚೂಟಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸೊಸೆ ನಗಲಿಲ್ಲ. ಎದ್ದು ಬಂದು ಅಜ್ಜಿಯ ಕೈಯಿಂದ ಸ್ಟೂಲು ತೆಗೆದುಕೊಂಡಳು. "ಅತ್ತೆ, ನನ್ನ ವಿಭಾಗದಲ್ಲಿ ಎಲ್ಲಾರೂ ಚೆನ್ನಾಗಿತ್ತು ಮೇಡಂ ಅಂತಾರೆ. ನಮ್ಮ ಮನೇಲಾದ್ರೂ ನಿಜ ಹೇಳೋರು ಒಬ್ಬರು ಬೇಕು ನಂಗೆ. ಕೇಳಿಸ್ಲಿಲ್ಲ ಅಂದ್ರೆ ಕೇಳಿಸ್ಲಿಲ್ಲ ಅನ್ನಿ."

ಅಜ್ಜಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮತ್ತೆ ಸ್ಟೂಲು ಕಿತ್ತುಕೊಂಡು ಹೋಗಿ ಬಾಗಿಲ ಹೊರಗೆ, ಹತ್ತಿರದಲ್ಲೇ ಕೂತಳು. ಅವತ್ತಿನಿಂದ "ಇಲ್ಲ" ಎನ್ನಲು ಕಲಿತಳು. "ಇಲ್ಲ." "ಇಲ್ಲ." "ಗೋಡೆಗೆ ಬಡಿದ ಹಾಗಿತ್ತು." "ಇಲ್ಲ." ಒಂದು ಸಂಜೆ, "ತಡಿ… ಈಗ ಬಂತು. ಸಣ್ಣಕ್ಕೆ ಬಂತು ಕಣೇ!" ಎಂದು ಕೂಗಿದಾಗ ಒಳಗೆ ಪಿಯಾನೊ ನಿಂತೇಹೋಯಿತು. ಸೊಸೆ ಬಾಗಿಲಿಗೆ ಬಂದು ಅತ್ತೆಯ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟಳು. ಕೊನೆಯ ತಾಲೀಮಿನಿಂದ ಬಂದಾಗ ಮಾತ್ರ, "ನಿರ್ದೇಶಕರು ಏನೂ ಅನ್ನಲಿಲ್ಲ. ಒಳ್ಳೇದಕ್ಕೋ ಕೆಟ್ಟದ್ದಕ್ಕೋ ಗೊತ್ತಿಲ್ಲ," ಎಂದಳಷ್ಟೆ.

ಕಚೇರಿಯ ಸಂಜೆ ಸೊಸೆ ಮೂವರಿಗೂ ಮುಂದಿನ ಸಾಲಿನ ಟಿಕೆಟ್ ತಂದಿದ್ದಳು. ಅಜ್ಜಿ ಒಪ್ಪಲಿಲ್ಲ. ಟಿಕೆಟ್ ಕೊಡುವವರ ಹತ್ತಿರ ಜಗಳಾಡಿ ಕಟ್ಟಕಡೆಯ ಸಾಲಿಗೆ ಬದಲಾಯಿಸಿಕೊಂಡಳು. ಮುಂದಿನ ಸಾಲು ಬಿಟ್ಟು ಹಿಂದಕ್ಕೆ ಹೋಗುತ್ತೇನೆಂದು ಜಗಳಾಡಿದವರನ್ನು ಅವರು ಅದುವರೆಗೆ ನೋಡಿರಲಿಲ್ಲ.

ಸೊಸೆ ಕಪ್ಪು ಉಡುಪಿನಲ್ಲಿ ವೇದಿಕೆಗೆ ಬಂದಳು. ಅಷ್ಟು ದೂರದಿಂದ ಹೆಬ್ಬೆರಳಷ್ಟು ಕಾಣುತ್ತಿದ್ದಳು. ಮೊದಲ ಭಾಗ ಶುರುವಾದದ್ದೇ ತಡ, ಅಜ್ಜಿಯ ಎದೆ ಢವಢವ ಎನ್ನತೊಡಗಿತು. ಪಿಯಾನೊ ಮುಂದೆ ಓಡಿತು, ಆರ್ಕೆಸ್ಟ್ರಾ ಅಟ್ಟಿಸಿಕೊಂಡು ಬಂತು, ಎರಡೂ ಒಟ್ಟಿಗೆ ಏರಿ ಒಂದೇ ಏಟಿಗೆ ನಿಂತವು. "ನಮ್ಮ ಸೊಸೆ!" ಎಂದು ಅಜ್ಜಿ ಪಕ್ಕದ ಅಪರಿಚಿತ ಹೆಂಗಸಿಗೆ ಹೇಳಿಯೇಬಿಟ್ಟಳು. ಚೂಟಿ ಅವಳ ಬಾಯಿ ಮುಚ್ಚಿದಳು.

ಎರಡನೇ ಭಾಗ. ಎಲ್ಲ ವಾದ್ಯಗಳೂ ಮಡಿಲಿಗಿಳಿದವು. ಸೊಸೆ ಕೈ ಎತ್ತಿದಳು. ಬೆರಳುಗಳು ಇಳಿದವು.

ಏನೂ ಕೇಳಿಸಲಿಲ್ಲ.

ಅಜ್ಜಿ ಕಾದಳು. ಬೆರಳುಗಳು ಚಲಿಸುತ್ತಿದ್ದವು, ಸದ್ದಿಲ್ಲ. ಹೋಯಿತು, ಎಲ್ಲಾ ಹೋಯಿತು, ಮತ್ತೆ ಮೂಕವಾಯಿತು! ಮಗನ ತೋಳು ಹಿಡಿಯಲು ತಿರುಗಿದಳು. ಇಂಥ ಜಾಗದಲ್ಲಿ ಖಂಡಿತ ಗೊರಕೆ ಹೊಡೆಯುತ್ತಾನೆಂದು ಅವಳು ಹೆದರಿದ್ದ ಮಗ ಬಾಯಿ ಅರ್ಧ ತೆರೆದು, ಕಣ್ಣು ಮಿಟುಕಿಸದೆ ಕೂತಿದ್ದ. ಚೂಟಿಯ ಕೆನ್ನೆ ಒದ್ದೆಯಾಗಿತ್ತು. ಎದುರಿನ ಸಾಲಿನಲ್ಲಿ ಒಬ್ಬಾತ ಬರುತ್ತಿದ್ದ ಕೆಮ್ಮನ್ನು ಎರಡೂ ಅಂಗೈಯಿಂದ ಅದುಮಿ ಹಿಡಿದಿದ್ದ. ಸಾಲು ಸಾಲಿಗೆ ಜನ ಮುಂದಕ್ಕೆ ಬಾಗಿದ್ದರು. ಎಲ್ಲರೂ ಕೇಳುತ್ತಿದ್ದರು.

ಹಾಗಾದರೆ ಕೇಳಿಸದಿದ್ದದ್ದು ತನಗೊಬ್ಬಳಿಗೆ. ಅಜ್ಜಿಗೆ ಒಂದೇ ಉಸಿರಿನಲ್ಲಿ ಸಂತೋಷವೂ ಆಯಿತು, ದುಃಖವೂ ಆಯಿತು. ಸೊಸೆ ಗೆದ್ದಿದ್ದಳು. ಅದನ್ನು ಕೇಳಬೇಕಾದ ಕಿವಿ ಸೋತಿತ್ತು. ಅವಳು ಜನರ ಮುಖಗಳನ್ನೇ ನೋಡುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಪಿಟೀಲುಗಳು ಸೇರಿಕೊಂಡವು, ಸ್ವರ ತುಂಬಿಕೊಂಡಿತು, ಆಗ ಅದು ಅವಳವರೆಗೂ ಬಂತು.

ಮುಗಿದಾಗ ಜನ ಎದ್ದುನಿಂತರು. ಅಜ್ಜಿ ಕುರ್ಚಿಯ ಮೇಲೆಯೇ ಹತ್ತಲು ಹೋದಳು, ಮಗ ಹಿಡಿದು ಇಳಿಸಿದ.

ವೇದಿಕೆಯ ಹಿಂದಿನ ಕೋಣೆ ಕಿಕ್ಕಿರಿದಿತ್ತು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡಿದ್ದ ಶಿಷ್ಯ ಅಳುತ್ತ ನಗುತ್ತಿದ್ದ. ವಿಭಾಗದವರು ಸಾಲಾಗಿ ಕೈ ಕುಲುಕುತ್ತಿದ್ದರು. ಬೆವರಿನಲ್ಲಿ ತೊಯ್ದ ನಿರ್ದೇಶಕ, "ಚಳಿಗಾಲ ಮುಗಿಯೋ ಹೊತ್ತಿಗೆ ಇನ್ನೊಂದಿದೆ ಮೇಡಂ, ಇನ್ನೂ ದೊಡ್ಡದು. ಬರಲೇಬೇಕು ನೀವು," ಎನ್ನುತ್ತಿದ್ದ. ಸೊಸೆ ಅವನಿಗೆ ಹೂಂ ಎಂದವಳು, ಅಜ್ಜಿಯನ್ನು ಕಂಡದ್ದೇ ಎಲ್ಲರನ್ನೂ ಸರಿಸಿಕೊಂಡು ಬಂದಳು.

"ಅತ್ತೆ, ಎರಡನೇದು? ಅದರ ಶುರು… ಕೇಳಿಸ್ತಾ?"

"ಕೇಳಿಸ್ತು, ಬೆಣ್ಣೆ ಹಾಗಿತ್ತು," ಎನ್ನಲು ನಾಲಿಗೆ ತಯಾರಾಗಿಯೇ ಇತ್ತು. ಅಜ್ಜಿ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

"ಇಲ್ಲ ಕಣೇ. ಕೇಳಿಸ್ಲಿಲ್ಲ."

ಸೊಸೆಯ ಮುಖ ಇಳಿಯಿತು.

"ಪೂರ್ತಿ ಕೇಳು! ನನ್ನೊಬ್ಬಳನ್ನ ಬಿಟ್ಟು ಎಲ್ಲಾರಿಗೂ ಕೇಳಿಸ್ತು. ಆ ಕೊನೇ ಸಾಲಿನಲ್ಲಿ ಉಸಿರಾಡೋನು ಒಬ್ಬನಿರಲಿಲ್ಲ. ನಾನು ಕಣ್ಣಾರೆ ನೋಡಿದ್ದೀನಿ." ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಗೆಳೆದುಕೊಂಡು, ದನಿ ಗಟ್ಟಿಮಾಡಿಕೊಂಡಳು. "ಆ ಮನುಷ್ಯ ಮುಂದಿನದು ಯಾವಾಗ ಅಂದ?"

"ಚಳಿಗಾಲ ಮುಗಿಯೋ ಹೊತ್ತಿಗೆ ಅಂತೆ."

"ಹಾಗಾದ್ರೆ ನಾಳೇನೇ ನನ್ನನ್ನ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋಗು."